ಮೈ ಇಳಿದ ಮೇಲೆ ಬೀರುವಿನ ಬಟ್ಟೆ: ತಪ್ಪು ಕಲ್ಪನೆ ಮತ್ತು ವಾಸ್ತವ

ಶುಗರ್ ಬಂತೆಂದು, ಮಂಡಿ ನೋವೆಂದು, ಡಾಕ್ಟರು ಗದರಿದರೆಂದು ಅನ್ನ ಕಡಿಮೆ ಮಾಡಿದವರು, ಕಾಫಿಗೆ ಸಕ್ಕರೆ ಬಿಟ್ಟವರು, ಬೆಳಗ್ಗೆದ್ದು ನಡೆಯುವವರು ಈಗ ಮಂಡ್ಯ ಸೀಮೆಯ ಬೀದಿಬೀದಿಯಲ್ಲೂ ಸಿಗುತ್ತಾರೆ. ಕಬ್ಬು, ಭತ್ತ ಬೆಳೆದು ಸಕ್ಕರೆ, ಬೆಲ್ಲ ಮಾಡುವ ನೆಲದಲ್ಲಿ ಬಾಯಿ ಕಟ್ಟುವುದು ಸುಲಭದ ಮಾತಲ್ಲ. ಹಾಗೆ ಕಷ್ಟಪಟ್ಟು ಹತ್ತು ಹನ್ನೆರಡು ಕೆಜಿ ಇಳಿಸಿದವರ ಮುಂದೆ ಯಾರೂ ಮೊದಲೇ ಹೇಳಿರದ ಪ್ರಶ್ನೆಯೊಂದು ಬರುತ್ತದೆ. ಭುಜದಿಂದ ಜಾರುವ ಶರಟು, ಸೊಂಟದಲ್ಲಿ ನಿಲ್ಲದ ಪ್ಯಾಂಟು, ದೊಗಳೆಯಾದ ರವಿಕೆ, ಇವನ್ನೆಲ್ಲ ಏನು ಮಾಡುವುದು? ಮನೆಯವರು ಒಂದು ಹೇಳುತ್ತಾರೆ, ನೆರೆಯವರು ಇನ್ನೊಂದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕಿವಿಗೆ ಬೀಳುವ ಅಂಥ ಎಂಟು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಬಟ್ಟೆ ಸಡಿಲವಾಯಿತೆಂದರೆ ಏನೋ ಕಾಯಿಲೆ ಹತ್ತಿದೆ

ವಾಸ್ತವ: ಮದುವೆ ಮನೆಯಲ್ಲಿ ಸಿಕ್ಕವರು "ಯಾಕವ್ವ, ಹಿಂಗೆ ಸೊರಗೋಗಿದ್ದೀಯ? ಶುಗರ್ ಬಂತಾ?" ಎನ್ನುತ್ತಾರೆ. ಅದರಲ್ಲಿ ಅಕ್ಕರೆಯೂ ಇದೆ, ಅನುಮಾನವೂ ಇದೆ. ಊಟ ತಿದ್ದಿಕೊಂಡು, ನಡೆದು, ಗೊತ್ತಿದ್ದೇ ಇಳಿಸಿದ ತೂಕ ಕಾಯಿಲೆಯಲ್ಲ. ಭಾರತೀಯ ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರದು 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ಅದಕ್ಕಿಂತ ಕೆಳಗೆ ಬಂದಿದ್ದರೆ ಸಂತೋಷಪಡಿ.

ಆದರೆ ಏನೂ ಮಾಡದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಆ ಮಾತೇ ಬೇರೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ 5ಕ್ಕಿಂತ ಹೆಚ್ಚು, ಅಂದರೆ 70 ಕೆಜಿ ಇದ್ದವರು ಮೂರೂವರೆ ಕೆಜಿಗಿಂತ ಹೆಚ್ಚು ಕಾರಣವಿಲ್ಲದೆ ಇಳಿದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕೆಲವೊಮ್ಮೆ ಕ್ಯಾನ್ಸರ್ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಅಂಥವರು ದರ್ಜಿಯ ಅಂಗಡಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗಲಿ.

ತಪ್ಪು ಕಲ್ಪನೆ 2: ದೊಡ್ಡ ಬಟ್ಟೆ ಇಟ್ಟುಕೊಂಡರೆ ಮತ್ತೆ ದಪ್ಪಗಾಗುತ್ತೀರಿ, ಇವತ್ತೇ ಎಲ್ಲ ಕೊಟ್ಟುಬಿಡಿ

ವಾಸ್ತವ: ಬೀರುವಿನಲ್ಲಿರುವ ಪ್ಯಾಂಟು ಯಾರ ತೂಕವನ್ನೂ ಏರಿಸದು. ಇಳಿದ ತೂಕ ಮರಳಿ ಬರಲು ಹವಣಿಸುವುದಕ್ಕೆ ಕಾರಣ ದೇಹದೊಳಗೇ ಇದೆ. ಹತ್ತು ವಾರ ಪಥ್ಯ ಮಾಡಿ ತೂಕ ಇಳಿಸಿದವರನ್ನು ಮೆಲ್ಬರ್ನ್‌ನ ಸಂಶೋಧಕರು ಒಂದು ವರ್ಷ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಹಸಿವನ್ನು ಏರಿಳಿಸುವ ಹಾರ್ಮೋನುಗಳು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಸಿವು ಹೆಚ್ಚೇ ಇತ್ತು. ಆದ್ದರಿಂದ ಒಂದೆರಡು ಕೆಜಿ ಮರಳಿದರೆ ಅದು ಮನಸ್ಸಿನ ಸೋಲಲ್ಲ, ನಾಚಿಕೆಪಡುವ ವಿಷಯವೂ ಅಲ್ಲ.

ತೂಕ ಒಂದು ಕಡೆ ನಿಲ್ಲುವ ತನಕ, ಕನಿಷ್ಠ ಆರು ತಿಂಗಳಾದರೂ ಕಾಯಿರಿ. ತೀರಾ ದೊಗಳೆಯಾದವನ್ನು ಈಗಲೇ ಬೇರೆ ಮಾಡಿ. ಈಗಿನ ಅಳತೆಗಿಂತ ಒಂದು ಸೈಜು ಮಾತ್ರ ದೊಡ್ಡದಿರುವ ಎರಡು ಮೂರು ಜೊತೆ ಇಟ್ಟುಕೊಳ್ಳಿ. ಬಾಣಂತಿಯರಂತೂ ಅವಸರ ಮಾಡಲೇಬಾರದು. ಹೆರಿಗೆಯಾದ ಮೇಲೆ ಮೈ ತನ್ನ ಅಳತೆಗೆ ಬರಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ.

ತಪ್ಪು ಕಲ್ಪನೆ 3: ದುಡ್ಡು ಕೊಟ್ಟು ತಂದದ್ದು, ಎಲ್ಲವೂ ಇರಲಿ

ವಾಸ್ತವ: ಇಟ್ಟ ಬಟ್ಟೆ ಇಟ್ಟ ಹಾಗೇ ಉಳಿಯುವುದಿಲ್ಲ. ಎಲಾಸ್ಟಿಕ್ ಸಡಿಲವಾಗುತ್ತದೆ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕೊಟ್ಟ ದುಡ್ಡು ಬೀರುವಿನಲ್ಲಿ ಕೂತು ವಾಪಸು ಬರುವುದಿಲ್ಲ. ಇನ್ನೊಬ್ಬರು ಅದನ್ನು ತೊಟ್ಟರೆ ಆಗ ಬೆಲೆ ಸಂದ ಹಾಗೆ. ಒಂದು ಹತ್ತಿಯ ಟೀ ಶರ್ಟ್ ತಯಾರಾಗಲು, ಹತ್ತಿ ಬೆಳೆಯುವ ನೀರೂ ಸೇರಿ, ಸುಮಾರು 2,700 ಲೀಟರ್ ಬೇಕೆಂಬ ಅಂದಾಜಿದೆ. ಕಾವೇರಿಯ ನೀರಿಗಾಗಿ ಹೆದ್ದಾರಿಗೆ ಇಳಿದ ಜನಕ್ಕೆ ಆ ಲೆಕ್ಕದ ತೂಕ ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ 4: ಹಿಡಿಸಿದರೆ ಬಟ್ಟೆ ಕೆಟ್ಟಂತೆಯೇ

ವಾಸ್ತವ: ಯಾವುದನ್ನು ಹಿಡಿಸಬಹುದು, ಯಾವುದನ್ನು ಆಗದು ಎಂದು ತಿಳಿದರೆ ಹೊಸದಕ್ಕೆ ಹಾಕುವ ದುಡ್ಡಿನಲ್ಲಿ ಬಹಳಷ್ಟು ಉಳಿಯುತ್ತದೆ. ಅಳತೆ ಕೊಟ್ಟು ಹೊಲಿಸಿದ ರವಿಕೆ, ಚೂಡಿದಾರದ ಪಕ್ಕಗಳಲ್ಲಿ ದರ್ಜಿಯವರು ಒಳಗೆ ಬಟ್ಟೆ ಬಿಟ್ಟಿರುತ್ತಾರೆ. ಹಿಡಿಯುವಾಗ ಹೆಚ್ಚಾದದ್ದನ್ನು ಕತ್ತರಿಸದೆ ಒಳಗೇ ಬಿಡಲು ಹೇಳಿ. ಮುಂದೆ ಬೇಕಾದರೆ ಹೊಲಿಗೆ ಬಿಚ್ಚಿದರಾಯಿತು. ಪ್ಯಾಂಟಿನ ಸೊಂಟವನ್ನು ಹಿಂಬದಿಯ ನಡು ಹೊಲಿಗೆಯಲ್ಲಿ ಒಂದೆರಡು ಇಂಚು ಹಿಡಿಯಬಹುದು. ಅದಕ್ಕೂ ಮೀರಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ರೂಪ ಕೆಡುತ್ತದೆ. ಭುಜ ಇಳಿದ ಶರಟು, ಕೋಟುಗಳಿಗೆ ಕೈ ಹಾಕಿಸದಿರುವುದೇ ಒಳ್ಳೆಯದು. ಭುಜ ಸರಿಪಡಿಸಲು ತೋಳನ್ನೇ ಬಿಚ್ಚಿ ಮತ್ತೆ ಕೂಡಿಸಬೇಕು. ಆ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ಶರಟೇ ಬರುತ್ತದೆ.

ತಪ್ಪು ಕಲ್ಪನೆ 5: ಮೈ ಇಳಿದರೆ ರೇಷ್ಮೆ ಸೀರೆಯೂ ದಂಡ

ವಾಸ್ತವ: ಸೀರೆಗೂ ಪಂಚೆಗೂ ಸೈಜಿಲ್ಲ. ಐದೂವರೆ ಮೀಟರ್ ಸೀರೆ ನಿನ್ನೆಯ ಮೈಗೂ ಆಗುತ್ತದೆ, ನಾಳೆಯ ಮೈಗೂ ಆಗುತ್ತದೆ. ನೆರಿಗೆ ಎರಡು ಹೆಚ್ಚು ಬೀಳಬಹುದು, ಅಷ್ಟೇ. ಬದಲಾಗಬೇಕಾದ್ದು ರವಿಕೆ ಮಾತ್ರ. ಮದ್ದೂರು, ಮಳವಳ್ಳಿ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ಮನೆಗಳಿಗೆ ಒಂದು ರೇಷ್ಮೆ ಸೀರೆಯ ಹಿಂದಿನ ದುಡಿಮೆ ಎಷ್ಟೆಂದು ಚೆನ್ನಾಗಿ ಗೊತ್ತು.

ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆಯ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಮನೆ ಬಾಗಿಲಿಗೆ ಬಂದು ಹಳೆ ಜರಿ ಸೀರೆ ಕೇಳುವವರಿಗೆ ಅವಸರದಲ್ಲಿ ಕೊಡಬೇಡಿ, ನಾಲ್ಕು ಕಡೆ ವಿಚಾರಿಸಿ. ಇಟ್ಟುಕೊಳ್ಳುವುದಾದರೆ ಪ್ಲಾಸ್ಟಿಕ್ ಚೀಲದಿಂದ ತೆಗೆದು ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಸಿದ ಗೆರೆಯಲ್ಲೇ ರೇಷ್ಮೆ ಬಿರಿಯುತ್ತದೆ.

ತಪ್ಪು ಕಲ್ಪನೆ 6: ತೊಟ್ಟ ಬಟ್ಟೆ ಕೊಟ್ಟರೆ ನಮ್ಮ ಅದೃಷ್ಟವೂ ಜೊತೆಗೆ ಹೋಗುತ್ತದೆ

ವಾಸ್ತವ: ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಹಿರಿಯರು ಉಟ್ಟು ಮೆದುವಾದ ಹಳೆ ಬಟ್ಟೆಯಲ್ಲಿ. ಜೋಲಿ ಕಟ್ಟುವುದು ಅಜ್ಜಿಯ ಹತ್ತಿ ಸೀರೆಯಲ್ಲಿ. ಉಟ್ಟ ಬಟ್ಟೆಯಿಂದ ಕೇಡಾಗುವುದಿದ್ದರೆ ಮನೆಯ ಅತ್ಯಂತ ಎಳೆಯ ಜೀವಕ್ಕೆ ನಮ್ಮ ಹಿರಿಯರು ಅದನ್ನು ಹೊದಿಸುತ್ತಿದ್ದರೇ?

ದೊಡ್ಡ ಅಳತೆಯ ಬಟ್ಟೆಗೆ ನಮ್ಮ ಸೀಮೆಯಲ್ಲೇ ಬೇಡಿಕೆ ಇದೆ. ಕಬ್ಬಿನ ಸೋಗೆ ಕೈ ಕೊಯ್ಯುತ್ತದೆ. ಅದಕ್ಕೇ ಹೊಲಗದ್ದೆಗೆ ಕೂಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು ತೊಡುತ್ತಾರೆ. ಅವರಿಗೆ ಬೇಕಾದ್ದು ಸಡಿಲವಾದ, ಗಟ್ಟಿ ಹತ್ತಿಯ ಶರಟೇ.

ಕೊಡುವ ಮಾತಿನಲ್ಲೂ ಮರ್ಯಾದೆ ಇರಲಿ. "ನನಗೆ ದೊಡ್ಡದಾಯ್ತು, ನಿನಗೆ ಸರಿಹೋಗುತ್ತೆ" ಎಂದರೆ ಮನಸ್ಸು ನೋಯುತ್ತದೆ. "ಅಕ್ಕ, ಈ ಬಣ್ಣ ನಿಮಗೆ ಒಪ್ಪುತ್ತೆ, ಬೇಕಾ?" ಎಂದು ಕೇಳಿ. ಬೇಡ ಎಂದರೆ ಒತ್ತಾಯಿಸಬೇಡಿ.

ತಪ್ಪು ಕಲ್ಪನೆ 7: ಕೊಡುವುದು ದಾನಕ್ಕೆ ತಾನೇ, ಹರಿದಿದ್ದರೂ ನಡೆಯುತ್ತದೆ

ವಾಸ್ತವ: 2004ರ ಡಿಸೆಂಬರ್ 26ರ ಸುನಾಮಿಯ ನಂತರ ದೇಶದ ಎಲ್ಲೆಡೆಯಿಂದ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆ ಬಟ್ಟೆ ಹೋಯಿತು. ಅದರಲ್ಲಿ ಬಹಳಷ್ಟು ರಸ್ತೆಬದಿಯಲ್ಲಿ ರಾಶಿ ಬಿತ್ತು. ಎಲ್ಲ ಕಳೆದುಕೊಂಡ ಜನಕ್ಕೂ ಮಾನವಿದೆ, ಕಂಡಿದ್ದನ್ನೆಲ್ಲ ಅವರು ತೊಡುವುದಿಲ್ಲ. ಆ ರಾಶಿಯನ್ನು ವಿಂಗಡಿಸಿ ಬಳಕೆಗೆ ತಂದ ಸಂಸ್ಥೆಗಳಲ್ಲಿ ಗೂಂಜ್ ಒಂದು. ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಈ ಸಂಸ್ಥೆಗೆ ಹಳೆ ಬಟ್ಟೆ ಹಳ್ಳಿಯ ದುಡಿಮೆಗೆ ಸಿಗುವ ಸಂಭಾವನೆ, ಭಿಕ್ಷೆಯಲ್ಲ. ಕೆರೆ ತೋಡಿದ, ರಸ್ತೆ ಸರಿಪಡಿಸಿದ ಊರಿನವರು ತಮ್ಮ ಕೆಲಸಕ್ಕೆ ಪ್ರತಿಯಾಗಿ ಅದನ್ನು ಪಡೆಯುತ್ತಾರೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಒಗೆದು, ಬಿಸಿಲಿಗೆ ಒಣಗಿಸಿ, ಗುಂಡಿ ಹಾಕಿ, ಜಿಪ್ ಸರಿಮಾಡಿಸಿ, ಇಸ್ತ್ರಿ ಮಾಡಿ ಕೊಡಿ. ನಿಮ್ಮ ತಮ್ಮನಿಗೋ ತಂಗಿಗೋ ಕೊಡಲು ಹಿಂಜರಿಯುವ ಬಟ್ಟೆಯನ್ನು ಬೇರೆಯವರಿಗೂ ಕೊಡಬೇಡಿ.

ತಪ್ಪು ಕಲ್ಪನೆ 8: ಯಾರಿಗೂ ಬೇಡವಾದರೆ ಸುಡುವುದು, ಇಲ್ಲ ನಾಲೆಗೆ ಬಿಡುವುದು

ವಾಸ್ತವ: ಇಂದಿನ ಬಟ್ಟೆಯಲ್ಲಿ ಬಹಳಷ್ಟು ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ಕಿನದೇ ನೂಲು. ಸುಟ್ಟರೆ ವಿಷದ ಹೊಗೆ, ನೀರಿಗೆ ಬಿಟ್ಟರೆ ಕೊಳೆಯದೆ ಉಳಿಯುವ ಕಸ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರು ಒಂದು ಕಟ್ಟು ನೀರಿಗೆ ಎಷ್ಟು ದಿನ ಕಾಯುತ್ತಾರೆಂದು ಮದ್ದೂರು, ಮಳವಳ್ಳಿಯವರಿಗೆ ಗೊತ್ತು. ತೂಬಿಗೆ ಸಿಕ್ಕಿಕೊಂಡ ಒಂದು ಪ್ಯಾಂಟು ಯಾರದೋ ಗದ್ದೆಯ ನೀರನ್ನು ತಡೆಯುತ್ತದೆ.

ಹತ್ತಿಯದನ್ನು ಮಸಿಬಟ್ಟೆಗೆ, ನೆಲ ಒರೆಸಲು ಬಳಸಿ. ಪಾಲಿಯೆಸ್ಟರ್ ನೀರು ಹೀರದು, ಒಲೆಯ ಬಳಿ ಕರಗಿ ಕೈಗೆ ಅಂಟುತ್ತದೆ, ಅಡುಗೆಮನೆಗೆ ತರಲೇಬೇಡಿ. ಯಾವುದೆಂದು ತಿಳಿಯದಿದ್ದರೆ ಒಂದೆಳೆ ನೂಲನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಬೂದಿಯಾದರೆ ಹತ್ತಿ, ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬಂದರೆ ಅವರಿಗೂ ಕೊಡಬಹುದು, ತೊಡಲು ಬರುವ ಬಟ್ಟೆ ಅಲ್ಲಿಂದ ಹಳೆ ಬಟ್ಟೆಯ ಮಾರುಕಟ್ಟೆ ಸೇರುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನದಡಿ ದೇಶದ ಅನೇಕ ಪಟ್ಟಣಗಳಲ್ಲಿ ಹಳೆ ಬಟ್ಟೆ, ಪುಸ್ತಕ, ಪಾದರಕ್ಷೆ ಪಡೆಯುವ ಕೇಂದ್ರಗಳು ತೆರೆದವು. ನಿಮ್ಮ ಊರಿನ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೆಂದರೆ ತೆರೆಯುವಂತೆ ಒತ್ತಾಯಿಸಿ.

ತೂಕ ಇಳಿಸಿದ್ದು ನಿಮ್ಮ ಆರೋಗ್ಯಕ್ಕಾಗಿ. ಹಳೆಯ ಅಳತೆಯ ಬಟ್ಟೆ ನಿಮ್ಮ ತಪ್ಪಿನ ಗುರುತಲ್ಲ, ಹೊಸ ಅಳತೆ ಯಾರಿಗೂ ತೋರಿಸಬೇಕಾದ ಬಿರುದೂ ಅಲ್ಲ. ಒಂದು ಭಾನುವಾರ ಬೀರು ತೆರೆದು ಪ್ರತಿ ಬಟ್ಟೆಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಇನ್ನು ಯಾರು ತೊಡುತ್ತಾರೆ? ನೀವೇ ಎಂದಾದರೆ ದರ್ಜಿಯವರ ಬಳಿ ಒಯ್ಯಿರಿ. ಇನ್ನೊಬ್ಬರು ಎಂದಾದರೆ ಒಗೆದು ಕೊಡಿ. ಯಾರೂ ಇಲ್ಲವೆಂದಾದರೆ ಮನೆಕೆಲಸಕ್ಕೆ ಬಳಸಿ, ಅದಕ್ಕೂ ಒಗ್ಗದ್ದನ್ನು ಪಾತ್ರೆಯವರಿಗೋ ಪಡೆಯುವ ಕೇಂದ್ರಕ್ಕೋ ತಲುಪಿಸಿ.