ಹೆಣ್ಣುಮರಿ ಯಾರಿಗೂ ಬೇಡವೇ?

ಸಂತೆ ಮುಗಿದ ಬಯಲಿನ ಮೂಲೆಯಲ್ಲಿ ಗೋಣಿಚೀಲವೊಂದು ಕುಂಯ್‌ಗುಡುವುದನ್ನು ನೀವೂ ಕೇಳಿರಬಹುದು. ಬಿಚ್ಚಿದರೆ ನಾಲ್ಕೈದು ನಾಯಿಮರಿ, ಬಹುಪಾಲು ಹೆಣ್ಣು. ಗಂಡುಮರಿಯಾದರೆ ಹೊಲ ಕಾಯಲು ಕೇಳುವವರಿದ್ದಾರೆ. ಹೆಣ್ಣಾದರೆ, “ವರ್ಷಕ್ಕೆರಡು ಸಲ ಮರಿ ಹಾಕುತ್ತೆ, ಯಾರು ಸಾಕ್ತಾರಮ್ಮ?” (ಹೆಣ್ಣೆಂದರೆ ಮೂಗು ಮುರಿಯುವುದು ನಮಗೇನು ಹೊಸದೇ!) ಹಸಿವೆ ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಕಾಯಿದೆಯಂತೆ ಅಪರಾಧ.

ಮರಿ ಸಿಕ್ಕಿತೆಂದು ಬಟ್ಟಲು ತುಂಬ ಹಸುವಿನ ಹಾಲಿಡಬೇಡಿ, ಭೇದಿ ಹತ್ತುತ್ತದೆ. ಮೊದಲು ಮೈ ಬೆಚ್ಚಗಾಗಲಿ. ರಟ್ಟಿನ ಪೆಟ್ಟಿಗೆಗೆ ಹಳೇ ಸೀರೆ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕಕ್ಕಿಡಿ. ಹಲ್ಲು ಬಂದಿದ್ದರೆ ಕಿವುಚಿದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ನಾಯಿಗೆ ವಿಷ. ಕಣ್ಣು ಬಿಡದ ಮರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಎಂಟು ವಾರ ತುಂಬುವ ಮುಂಚೆ ಮರಿಯನ್ನು ಯಾರಿಗೂ ಕೊಡಬೇಡಿ. ಜಂತುಹುಳುವಿನ ಔಷಧಿ ಕುಡಿಸಿರಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿದೆ, ಅದನ್ನು ಒಯ್ಯುವವರಿಗೆ ನೆನಪಿಸಿ. “ಮರಿಯಾಗದಂತೆ ಆಪರೇಷನ್ ಮಾಡಿಸ್ತೀರಾ?” ಎಂದು ಮುಖ ನೋಡಿಯೇ ಕೇಳಿ. “ನೋಡೋಣ” ಎಂದವರು ನೆಂಟರಾದರೂ ಕೊಡಬೇಡಿ. ಹೂಂ ಎಂದವರ ಮನೆಗೆ ತಿಂಗಳು ಬಿಟ್ಟು ಹೋಗಿ, ಮರಿ ಹೇಗಿದೆ ನೋಡಿಬನ್ನಿ.