ಕಡಲ ತೆರೆಗಳ ಮುನ್ಸೂಚನೆಯೂ ಗಜನಿ ಭೂಮಿಯ ರಕ್ಷಣೆಯೂ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯ ಅಳಿವೆಯಲ್ಲಿರುವ ಗಜನಿ ಗದ್ದೆಗಳು ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತಕ್ಕೆ ಹೆಸರಾದವು. ಈ ಭೂಮಿಗೆ ಕಟ್ಟೆಯೇ ಜೀವ. ಮುಂಗಾರು ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಬಿತ್ತನೆಯಾಗತಕ್ಕದ್ದು. ಅದಕ್ಕೆ ಮುಂಚೆ ಕಟ್ಟೆಯೊಡೆದು ಕಡಲನೀರು ನುಗ್ಗಿದರೆ ಬಿತ್ತನೆಯು ತಡವಾಗುವುದು. ಕೆಲವೊಮ್ಮೆ ಬೆಳೆಯೇ ಕೈಬಿಡುವುದು. ದಡದ ತೆಂಗಿನ ತೋಟಗಳಿಗೂ ಸಿಹಿನೀರಿನ ಬಾವಿಗಳಿಗೂ ಇದೇ ಭಯವುಂಟು.

ಮೋಡ ಗಾಳಿಗಳನ್ನು ಕಂಡು ರೈತನು ಎಚ್ಚರಗೊಳ್ಳುವನು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಕಾಶವು ತಿಳಿಯಾಗಿ, ಗಾಳಿಯು ಶಾಂತವಾಗಿರುವಾಗಲೂ ಕಡಲು ಉಕ್ಕಿ ದಡವೇರುವುದುಂಟು. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’, ಎಂದರೆ ಕಳ್ಳನಂತೆ ಬರುವ ಕಡಲು, ಎನ್ನುವರು. 2005ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿನ ತೀರದ ಊರುಗಳು ಹೀಗೆಯೇ ಜಲಾವೃತವಾದವು. 2012ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಹೆಸರನ್ನೇ ಅಂಗೀಕರಿಸಿತು.

ಇದರ ಮೂಲವು ಬಹುದೂರದ್ದು. ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಬಿರುಗಾಳಿಗಳು ಎಬ್ಬಿಸಿದ ತೆರೆಗಳು ಸುಮಾರು 6000 ಕಿಲೋಮೀಟರ್ ಸಾಗಿ ಈ ತೀರವನ್ನು ಮುಟ್ಟುವುವು. ಒಂದು ತೆರೆಯ ಹಿಂದೆ ಇನ್ನೊಂದು ಬರಲು 18 ಸೆಕೆಂಡು ಹಿಡಿದರೆ ಆ ತೆರೆಸಾಲು ಆಳವಾದ ಕಡಲಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಿಂದ ಚಲಿಸುವುದು. ಆದುದರಿಂದ ಇಲ್ಲಿಗೆ ಬರಲು ಐದು ದಿನಗಳು ಬೇಕು. ಈ ಐದು ದಿನಗಳೇ ಮುನ್ಸೂಚನೆಗೆ ದೊರೆತ ಅವಕಾಶ. ಅಂತರ ಹೆಚ್ಚಾದಷ್ಟೂ ತೆರೆಯ ವೇಗವು ಹೆಚ್ಚು. ಆದಕಾರಣ ಉದ್ದ ತೆರೆಗಳು ಮೊದಲು ಬಂದು ಹಿಂದಿನವುಗಳ ಸುದ್ದಿಯನ್ನು ತರುವುವು.

ಈ ಸುದ್ದಿಯನ್ನು ಹಿಡಿಯುವುದು ತೇಲುಬುರುಡೆಯ ಕೆಲಸ. ಸುಮಾರು ಒಂದು ಗಜ ಅಡ್ಡಳತೆಯ ಈ ಗೋಲವನ್ನು ರಬ್ಬರಿನ ಹುರಿಯಿಂದ ಕಡಲತಳಕ್ಕೆ ಕಟ್ಟಿರುವರು. ತೆರೆಯೊಡನೆ ಅದು ಏರಿ ಇಳಿಯುವ ಬಗೆಯನ್ನು ಒಳಗಿನ ಯಂತ್ರವು ಅಳೆದು, ತೆರೆಯ ಎತ್ತರ, ಅಂತರ, ದಿಕ್ಕುಗಳನ್ನು ಅರ್ಧ ಗಂಟೆಗೊಮ್ಮೆ ದಡಕ್ಕೆ ತಿಳಿಸುವುದು. ಕಾರವಾರದ ಬಳಿಯೂ ಇಂತಹುದನ್ನು ಇಟ್ಟು ಅಳತೆ ಮಾಡಲಾಗಿದೆ.

1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಗಾಳಿಯ ಮುನ್ಸೂಚನೆಯಿಂದ ತೆರೆಗಳನ್ನು ಗಣಕಯಂತ್ರದ ಮೂಲಕ ಲೆಕ್ಕಹಾಕುವುದು. ಗಾಳಿಯ ಲೆಕ್ಕ ತಪ್ಪಿದರೆ ತೆರೆಯ ಲೆಕ್ಕವೂ ತಪ್ಪುವುದು. ಉಗ್ರಾಣದ ಲೆಕ್ಕವನ್ನು ಆಗಾಗ ಧಾನ್ಯ ಅಳೆದು ತಾಳೆನೋಡುವಂತೆ, ಬುರುಡೆಯ ನಿಜವಾದ ಅಳತೆಯೊಡನೆ ಲೆಕ್ಕವನ್ನು ಹೋಲಿಸಿ ತಿದ್ದಲು ಸಾಧ್ಯವಾಗಿದೆ. 2024ನೆಯ ಮೇ ತಿಂಗಳ ಆರಂಭದಲ್ಲಿ ಕೇರಳ ಹಾಗೂ ತಮಿಳುನಾಡಿನ ತೀರಗಳಿಗೆ ಈ ಕೇಂದ್ರವು ಎಚ್ಚರಿಕೆಯನ್ನು ಕೊಟ್ಟಿತ್ತು.

ಆದರೂ ಮುನ್ಸೂಚನೆಯಲ್ಲಿ ಹೇಳಿದ ಎತ್ತರವು ದೊಡ್ಡ ತೆರೆಗಳ ಮೂರನೆಯ ಒಂದಂಶದ ಸರಾಸರಿ ಮಾತ್ರ. ಎರಡು ಮೀಟರ್ ಎಂದಿದ್ದರೆ ಅದಕ್ಕಿಂತ ಬಹಳ ಎತ್ತರದ ತೆರೆಯೂ ನಡುವೆ ಬರಬಹುದು. ಅದೂ ಅಲ್ಲದೆ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದೊಡನೆ ಉದ್ದ ತೆರೆಗಳು ಕೂಡಿದಾಗ ಅಪಾಯವು ಇಮ್ಮಡಿಸುವುದು.

ಆದಕಾರಣ ತೀರದ ಗ್ರಾಮಗಳ ಮುಖಂಡರು ಎಚ್ಚರಿಕೆ ಬಂದೊಡನೆ ಅದನ್ನು ಊರಿಗೆಲ್ಲ ಸಾರಿಸಿ, ಉಬ್ಬರದ ಹೊತ್ತನ್ನೂ ತಿಳಿಸತಕ್ಕದ್ದು. ಭೂಮಾಲೀಕರು ಕಟ್ಟೆಯ ಏಡಿಬಿಲಗಳನ್ನೂ ತಗ್ಗುಗಳನ್ನೂ ಮುಚ್ಚಿಸಿ, ನೀರುಬಾಗಿಲಿನ ಹಲಗೆಗಳನ್ನು ಭದ್ರಪಡಿಸತಕ್ಕದ್ದು. ದೋಣಿಗಳನ್ನು ಮೇಲಕ್ಕೆ ಎಳೆದಿಡಬೇಕು. ಒಬ್ಬನ ಕಟ್ಟೆ ಒಡೆದರೆ ನೀರು ನೆರೆಯವನ ಗದ್ದೆಯನ್ನೂ ಬಿಡುವುದಿಲ್ಲ. ಆದುದರಿಂದ ಈ ಕೆಲಸವು ಊರವರೆಲ್ಲರೂ ಕೂಡಿ ಮಾಡತಕ್ಕದ್ದಾಗಿದೆ.