ಉಕ್ಕಿನ ತುಂಡಿಗೂ ಒಂದು ಊರು

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಹೊರಗಿನಿಂದ ಬಂದ ವಸ್ತುವಿನ ಹೆಸರಿನಲ್ಲೇ ಅದರ ಪರದೇಶದ ಹುಟ್ಟನ್ನು ಸೂಚಿಸುವುದು ಕನ್ನಡಿಗರ ಹಳೆಯ ರೂಢಿ. ಯಾವ ಸೀಮೆ ಎಂದು ಮಾತ್ರ ಯಾರೂ ಬೆದಕುತ್ತಿರಲಿಲ್ಲ. ಅದನ್ನು ಬಿಡದೆ ಬೆದಕುವವರು ಕಸ್ಟಮ್ಸ್ ಅಧಿಕಾರಿಗಳು.

ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ರೈತರೊಬ್ಬರು ಟ್ರ್ಯಾಕ್ಟರಿಗೆ ಬೇರಿಂಗ್ ಕೊಂಡರೆ, ಅದರ ಉಂಗುರದ ಮೇಲೆ ಪುಟ್ಟ ಅಕ್ಷರಗಳಲ್ಲಿ ಒಂದು ದೇಶದ ಹೆಸರು ಇರುವುದುಂಟು. ಆ ಬೇರಿಂಗ್ ಆಮದಾದದ್ದಾದರೆ, ಅಂಗಡಿಗೆ ಬರುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟಿರಲೇಬೇಕು. ಇದು ಏನು? ಇದು ಎಲ್ಲಿಯದು? ಮೊದಲನೆಯದರ ಉತ್ತರಕ್ಕೆ ವರ್ಗೀಕರಣ ಎನ್ನುತ್ತಾರೆ. ಎರಡನೆಯದಕ್ಕೆ ಮೂಲದೇಶ ನಿರ್ಣಯ. ಸುಂಕದ ಲೆಕ್ಕ ಇವೆರಡರ ಮೇಲೆ ನಿಂತಿದೆ. ಒಣ ಕಚೇರಿ ವ್ಯವಹಾರದಂತೆ ಕಾಣುವ ಈ ಪ್ರಶ್ನೆಗಳನ್ನು ಸರಿಯಾಗಿ ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದೇ ಮಾಗಡಿ–ಚನ್ನಪಟ್ಟಣದ ಉಕ್ಕಿನ ಚರಿತ್ರೆ ಒಳ್ಳೆಯ ಪಾಠ.

ಮಾಗಡಿಯ ಮೂಸೆ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದವರು ವೈದ್ಯ ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ಅವರ ಪ್ರವಾಸ ಕಥನದಲ್ಲಿ ಮಾಗಡಿ ಬಳಿಯ, ಅವರು ‘ಘೆಟ್ಟಿಪುರ’ ಎಂದು ಬರೆದಿರುವ ಹಳ್ಳಿಯಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯ ವಿವರವಿದೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿ, ಬಳ್ಳಿಯೊಂದರ ಎರಡು ಹಸಿರೆಲೆ ಇಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ಅದರಿಂದ ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು ಹಾಗೂ ವಾದ್ಯಗಳ ತಂತಿ ತಯಾರಾಗುತ್ತಿದ್ದವು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಗೆ ದೂರದ ಊರುಗಳಿಂದಲೂ ಬೇಡಿಕೆಯಿತ್ತು ಎಂದು ಬುಕಾನನ್ ಬರೆದಿದ್ದಾರೆ.

ಇದು ಏನು?

ಈ ಮೂರೂ ವಸ್ತುಗಳು ಇಂದು ವಿದೇಶದಿಂದ ಬಂದವು ಎಂದಿಟ್ಟುಕೊಳ್ಳೋಣ. ಮೂರೂ ಉಕ್ಕೇ, ಆದ್ದರಿಂದ ಸುಂಕವೂ ಒಂದೇ ಎಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ಪ್ರಪಂಚದ ಬಹುತೇಕ ದೇಶಗಳು 1988ರಲ್ಲಿ ಜಾರಿಗೆ ಬಂದ ಒಂದೇ ಸರಕು ಪಟ್ಟಿಯನ್ನು ಅನುಸರಿಸುತ್ತವೆ. ಭಾರತ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಪಟ್ಟಿಯನ್ನು 1986ರಲ್ಲೇ ಅದಕ್ಕೆ ಹೊಂದಿಸಿಕೊಂಡಿತು. ಸಂಖ್ಯೆಯ ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಸಮಾನ. ಭಾರತ ಎಂಟು ಅಂಕಿಗಳವರೆಗೆ ವಿಂಗಡಿಸುತ್ತದೆ. ಇದರಲ್ಲಿ ಕಬ್ಬಿಣ ಮತ್ತು ಉಕ್ಕಿಗೆ 72ನೇ ಅಧ್ಯಾಯ, ಅವುಗಳಿಂದಾದ ಸಾಮಾನುಗಳಿಗೆ 73. ಆದರೆ ಉಳಿ ಕೈಹತ್ಯಾರಗಳ 82ನೇ ಅಧ್ಯಾಯಕ್ಕೆ ಹೋಗುತ್ತದೆ. ಕತ್ತಿ ಆಯುಧಗಳ 93ಕ್ಕೆ. ವೀಣೆಯ ತಂತಿ ವಾದ್ಯಗಳ 92ಕ್ಕೆ. ಅದೇ ತಂತಿ ಉದ್ದಕ್ಕೆ ಕತ್ತರಿಸದೆ, ತುದಿಗೆ ಕುಣಿಕೆಯಿಲ್ಲದೆ, ಬರೀ ಸುರುಳಿಯಾಗಿ ಬಂದರೆ ಮತ್ತೆ 72.

ಇದಕ್ಕೆ ತಿರುಗುಮುರುಗಾದ ನಿಯಮವೂ ಇದೆ. ಟ್ರ್ಯಾಕ್ಟರಿಗೆಂದೇ ಮಾಡಿದ ಗೇರು ವಾಹನದ ಬಿಡಿಭಾಗವಾಗಿ 87ನೇ ಅಧ್ಯಾಯ ಸೇರುತ್ತದೆ. ಆದರೆ ಟ್ರ್ಯಾಕ್ಟರಿಗೆಂದೇ ತರಿಸಿದ ಉಕ್ಕಿನ ಬೋಲ್ಟು ಬೋಲ್ಟಾಗಿಯೇ ಉಳಿದು 73ಕ್ಕೆ ಹೋಗುತ್ತದೆ, ಬೇರಿಂಗು 84ಕ್ಕೆ. ಎಲ್ಲೆಡೆ ಬಳಕೆಯಾಗುವ ಸಾಮಾನ್ಯ ಭಾಗಗಳಿಗೆ ಅವುಗಳದೇ ಮನೆಯುಂಟು. ‘ಇದು ನನ್ನ ಯಂತ್ರಕ್ಕೇ ಬೇಕಾದದ್ದು ಸ್ವಾಮಿ’ ಎಂದು ಅಂಗಲಾಚುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ.

ಇದು ಎಲ್ಲಿಯದು?

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು. ದಕ್ಷಿಣ ಭಾರತದ ಮೂಸೆ ಉಕ್ಕಿನ ಮಾದರಿಗಳನ್ನು ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದರು. ಅವುಗಳನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲೇ ಇದು ಮುಂಬಯಿಯಲ್ಲಿ ತಯಾರಾದ ‘ವೂಟ್ಸ್’ ಎಂಬ ಉಕ್ಕು ಎಂದಿದೆ. ನಮ್ಮ ‘ಉಕ್ಕು’ ಎಂಬ ಮಾತೇ ಅವರ ಕಿವಿಯಲ್ಲಿ ‘ವೂಟ್ಸ್’ ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮಾತು ನಮ್ಮದು, ವಿಳಾಸ ಬಂದರಿನದು. ಪಶ್ಚಿಮ ಏಷ್ಯಾಕ್ಕೆ ಹೋದ ಇದೇ ಬಗೆಯ ಉಕ್ಕಿನಿಂದಾದ ಕತ್ತಿಗಳು ‘ಡಮಾಸ್ಕಸ್’ ಹೆಸರಿನಲ್ಲಿ ಜಗತ್ಪ್ರಸಿದ್ಧವಾದವು. ಮೂಸೆ ಊದಿದವರ ಊರಿನ ಹೆಸರು ಎಲ್ಲಿಯೂ ಇಲ್ಲ.

ಸರಕು ಹಡಗೇರಿದ ಊರು ಬೇರೆ, ಹುಟ್ಟಿದ ಊರು ಬೇರೆ. ಈ ಭೇದವನ್ನು ಇಂದಿನ ಕಾನೂನು ಮರೆಯುವುದಿಲ್ಲ. ಚೆನ್ನೈ ಬಂದರಿನಲ್ಲಿ ಇಳಿದು ರೈಲಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಬರುವ ಸರಕಿನ ಆಮದು ಪತ್ರದಲ್ಲಿ ರವಾನೆಯಾದ ದೇಶ, ಮೂಲದೇಶ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕು.

ಹಲವು ದೇಶಗಳಲ್ಲಿ ಕೈಬದಲಿಸಿ ತಯಾರಾದ ವಸ್ತುವಿಗೆ ಯಾವುದು ಮೂಲ? ಉತ್ತರ ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. 2010ರಲ್ಲಿ ಜಾರಿಗೆ ಬಂದ ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮವನ್ನೇ ನೋಡೋಣ. ಹೊರಗಿನ ಕಚ್ಚಾವಸ್ತು ಬಳಸಿದ್ದರೆ, ತಯಾರಾದ ಸರಕಿನ ಆರಂಕಿ ಸಂಖ್ಯೆ ಬದಲಾಗಿರಬೇಕು. ಬೆಲೆಯಲ್ಲಿ ಒಪ್ಪಂದದ ದೇಶಗಳ ಪಾಲು ಕನಿಷ್ಠ ಶೇ 35 ಇರಬೇಕು. ಜರ್ಮನಿಯ ತಂತಿಯ ಸುರುಳಿಯನ್ನು ಆಸಿಯಾನ್ ದೇಶವೊಂದಕ್ಕೆ ತರಿಸಿ, ಕತ್ತರಿಸಿ, ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿ ನಮಗೆ ಕಳುಹಿಸಿದರೆ ಅದು ಆ ದೇಶದ ಸರಕಾಗದು. ಬರೀ ಕತ್ತರಿಸುವುದು, ಪೊಟ್ಟಣ ಕಟ್ಟುವುದು ಹುಟ್ಟೂರನ್ನು ಬದಲಿಸುವ ಕೆಲಸವಲ್ಲ.

ಇಷ್ಟೊಂದು ಬಿಗಿ ಏಕೆ? ಒಪ್ಪಂದದ ದೇಶದ ಸರಕಿಗೆ ಸುಂಕದಲ್ಲಿ ರಿಯಾಯಿತಿ. ತೀರಾ ಅಗ್ಗದ ಬೆಲೆಗೆ ಸರಕು ತಂದು ಸುರಿಯುವ ದೇಶಕ್ಕಾದರೆ ಹೆಚ್ಚುವರಿ ಸುಂಕ. ಆದ್ದರಿಂದ ಒಂದು ದೇಶದ ಉಕ್ಕು ಇನ್ನೊಂದರ ವೇಷ ತೊಟ್ಟು ಬರುವುದುಂಟು. ಅದರ ಪೆಟ್ಟು ಬೀಳುವುದು ಅದೇ ಬೋಲ್ಟನ್ನು ಇಲ್ಲಿ ಮಾಡುವ ಪೀಣ್ಯದಂಥ ಕಡೆಯ ಸಣ್ಣ ಕಾರ್ಖಾನೆಗಳಿಗೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ರಿಯಾಯಿತಿ ಕೇಳುವ ಆಮದುದಾರ ಹೊರದೇಶದ ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳುವಂತಿಲ್ಲ. ವಸ್ತು ಅಲ್ಲಿಯದೇ ಹೇಗೆ ಎಂಬ ಮಾಹಿತಿಯನ್ನು ತಾನೇ ಇಟ್ಟುಕೊಂಡಿರಬೇಕು.

ಮುದ್ರೆಯ ಮಹಿಮೆ

ವಸ್ತುವಿನ ಮೈಮೇಲೆ ದೇಶದ ಹೆಸರು ಒತ್ತುವ ಪದ್ಧತಿಯ ಬೆನ್ನಿಗೂ ಉಕ್ಕಿನ ಜಗಳವೇ ಇದೆ. ಜರ್ಮನಿಯ ಚೂರಿ, ಕತ್ತರಿಗಳು ತಮ್ಮೂರಿನ ಹೆಸರು ಹೊತ್ತು ಮಾರಾಟವಾಗುತ್ತಿವೆ ಎಂದು ಇಂಗ್ಲೆಂಡಿನ ಷೆಫೀಲ್ಡ್ ನಗರದ ತಯಾರಕರು ದೂರಿದರು. 1887ರ ಬ್ರಿಟಿಷ್ ಕಾಯ್ದೆ ಅಂಥ ಸರಕಿನ ಮೇಲೆ ನಿಜವಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿತು. ಅದರ ಬೆನ್ನಲ್ಲೇ 1889ರಲ್ಲಿ ಭಾರತಕ್ಕೂ ಸರಕು ಮುದ್ರೆಯ ಕಾಯ್ದೆ ಬಂತು. ಅವಮಾನಕ್ಕೆಂದು ಒತ್ತಿಸಿದ ‘ಮೇಡ್ ಇನ್ ಜರ್ಮನಿ’ ಮುಂದೆ ಗುಣಮಟ್ಟದ ಬಿರುದಾದದ್ದು ಕಾಲದ ವಿನೋದ. ನಮ್ಮಲ್ಲಿ 2018ರ ಜನವರಿಯಿಂದ ಚಿಲ್ಲರೆ ಮಾರಾಟದ ಆಮದು ಪೊಟ್ಟಣಗಳ ಮೇಲೆ ಮೂಲದೇಶದ ಹೆಸರು ಇರಲೇಬೇಕು.

ಚನ್ನಪಟ್ಟಣದ ಬೊಂಬೆಗೆ 2005–06ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಬೇರೆ ಕಡೆ ತಯಾರಾದ ಬೊಂಬೆಗೆ ಆ ಊರಿನ ಹೆಸರು ಹಚ್ಚಿ ಮಾರುವುದು ಈಗ ಅಪರಾಧ. ಅದೇ ಊರಿನ ಉಕ್ಕಿನ ತಂತಿಗೆ ಅಂಥ ಮುದ್ರೆ ಎಂದೂ ಸಿಕ್ಕಲಿಲ್ಲ. ವೀಣೆಯಲ್ಲಿ ಮಿಡಿದ ಆ ತಂತಿಯ ನೆನಪು ಉಳಿದಿರುವುದು ಪರದೇಶದ ವೈದ್ಯನೊಬ್ಬನ ದಿನಚರಿಯಲ್ಲಿ. ಬೇರಿಂಗಿನ ಉಂಗುರದ ಮೇಲಿನ ಪುಟ್ಟ ಅಕ್ಷರಗಳು ಸರ್ಕಾರದ ಬೊಕ್ಕಸಕ್ಕೆ ಸುಂಕ ತಂದುಕೊಡುವುದು ನಿಜ. ದುಡಿದ ಕೈಗಳ ಊರು ಯಾವುದೆಂದು ಹೇಳುವುದೂ ಅವೇ.